ಅಸಲಿಗಿಂತ ಕಡಿಮೆಗೆ

ಗೇಮ್ ಡಿಸ್ಕಿನ ನಡುವಿನ ತೂತಿಗೆ ತೋರುಬೆರಳು ತೂರಿಸಿ, ಉಂಗುರದಂತೆ ತೊಟ್ಟುಕೊಂಡೇ ಅವರು ಗಿರಾಕಿಗಳೊಡನೆ ಮಾತಾಡುತ್ತಿದ್ದರು. ಗೀರು ಬಿದ್ದಿದೆಯೇ ಎಂದು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಕಣ್ಣು ಮುಚ್ಚುತ್ತಿದ್ದರು. ಎಡಗಣ್ಣು ಎಂದು ನನ್ನ ನೆನಪು. ಅವರ ಹೆಂಡತಿ ಬಲಗಣ್ಣು ಎನ್ನುತ್ತಾರೆ.

ಪಾಣೆಮಂಗಳೂರಿನಲ್ಲಿ ನಾನು ಬಸ್ಸು ಬದಲಿಸುವ ಕಡೆ ಅವರ ವಿಡಿಯೊ ಗೇಮ್ ಅಂಗಡಿ ಇತ್ತು. ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಅಲ್ಲಿ ಕೂರುತ್ತಿದ್ದೆ. ನಮ್ಮ ಮಾತು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಎಷ್ಟು ತಿದ್ದಿದ್ದೇನೋ ಗೊತ್ತಿಲ್ಲ.

ಟಿವಿಗೆ ಜೋಡಿಸಿ ಆಡುವ ಕನ್ಸೋಲನ್ನು ಅವರು ಅಸಲಿಗಿಂತ ಕಡಿಮೆಗೆ ಮಾರುತ್ತಿದ್ದರು.

“ಎಂತ ಅಣ್ಣ, ದಾನವಾ ಇದು?” ಎಂದು ಕೇಳಿದ್ದೆ.

“ಕಂಪೆನಿಯವರೂ ಹೀಗೇ ಮಾಡುದು ಟೀಚರೇ. ಪೆಟ್ಟಿಗೆಯಲ್ಲಿ ಕಳ್ಕೊಳ್ಳುದು, ಗೇಮಿನಲ್ಲಿ ತೆಗೆಯುದು. ಪೆಟ್ಟಿಗೆ ಒಂದೇ ಸಲ. ಡಿಸ್ಕಿಗೆ ನನ್ನ ಹತ್ರ ಬರ್ಲೇಬೇಕಲ್ಲ?”

ಗಿರಾಕಿಗಳು ಬರುತ್ತಲೂ ಇದ್ದರು, ಹೊಸ ಡಿಸ್ಕ್ ಕೊಳ್ಳಲು, ಆಡಿ ಮುಗಿಸಿದ್ದನ್ನು ಬದಲಿಸಲು. ಅಂಗಡಿ ನಿಂತಿದ್ದೇ ಅದರಿಂದ.

ಪೆಟ್ಟಿಗೆಯ ಸೀಲನ್ನು ಗಿರಾಕಿಯೇ ಒಡೆಯಬೇಕೆಂಬುದು ಅವರ ನೇಮ. ತಾನು ಮೊದಲು ಬಿಚ್ಚಿ ನೋಡಿದರೆ ಎಂಜಲು ಮಾಡಿದಂತೆ. ಹಾಗಾಗಿ ಕನ್ಸೋಲಿನ ಅಗ್ಗದ ಹೊಸ ಮಾದರಿ ಬಂದಾಗಲೂ ಬಿಚ್ಚಿ ನೋಡಲಿಲ್ಲ. ಕೈಯಲ್ಲಿದ್ದುದನ್ನೆಲ್ಲ ಹಾಕಿ ತರಿಸಿ, ಎಂದಿನಂತೆ ನಷ್ಟಕ್ಕೇ ಮಾರಿದರು. ಒಯ್ದವರಾರೂ ಡಿಸ್ಕಿಗೆ ಬರಲಿಲ್ಲ. ಉಳಿದ ಕೊನೆಯದನ್ನು, ಮೊದಲೇ ಹೇಳಿಟ್ಟಿದ್ದ ವೇಣೂರಿನ ಪಿಕಪ್ ಚಾಲಕ ತಡೆಯಲಾರದೆ ಅಂಗಡಿಯಲ್ಲೇ ಬಿಚ್ಚಿದ.

“ಅಣ್ಣ, ಇದ್ರಲ್ಲಿ ಡಿಸ್ಕ್ ಹಾಕ್ಲಿಕ್ಕೆ ಜಾಗವೇ ಇಲ್ಲ!”

“ಸರಿ ನೋಡು ಮಾರಾಯ, ಅಡಿಯಲ್ಲಿ ಇರ್ಬಹುದು.”

ಇರಲಿಲ್ಲ. ಅದು ಗೇಮನ್ನು ಇಂಟರ್ನೆಟ್ಟಿನಿಂದ ಕೊಂಡು ಇಳಿಸಿಕೊಳ್ಳುವ ಮಾದರಿ. ಹಣ ನೇರ ಕಂಪೆನಿಗೆ.

“ಒಳ್ಳೇದೇ ಆಯ್ತು,” ಎಂದ ಅವನು. “ಡಿಸ್ಕಿಗೆ ಇಷ್ಟು ದೂರ ಬರುದು ತಪ್ಪಿತು.”

ಇದಕ್ಕಾದರೂ ಪೂರ್ತಿ ದರ ಹೇಳಿ ಎಂದು ನಾನು ಪಿಸುಗುಟ್ಟಿದೆ.

“ಹೇಳಿದ ದರ ಹೇಳಿದ್ದೇ,” ಎಂದು ಹಳೆಯ ದರಕ್ಕೇ ಕೊಟ್ಟರು. ಅವನು ಹೋದ ಮೇಲೆ ನಕ್ಕರು. ನಕ್ಕರೆಂದೇ ನೆನಪು. “ಕಂಪೆನಿ ನಷ್ಟ ಮಾಡಿದ್ದು ಅದರ ಅಂಗಡಿಗೆ ಜನ ಸೇರಿಸ್ಲಿಕ್ಕೆ. ನಾನು ನಷ್ಟ ಮಾಡಿದ್ದೂ ಅದರ ಅಂಗಡಿಗೇ ಅಲ್ವಾ ಟೀಚರೇ?”

ಮಳೆಗಾಲಕ್ಕೆ ಮೊದಲು ಅಂಗಡಿ ಮುಚ್ಚಿತು. ಆಮೇಲೆ ಮನೆಯ ಚಾವಡಿಯಲ್ಲಿ ರಿಮೋಟು ರಿಪೇರಿ ಮಾಡುತ್ತಿದ್ದರಂತೆ. ನಾನು ಹೋಗಿ ನೋಡಿದವಳಲ್ಲ. ವಾಣಿಜ್ಯದ ತರಗತಿಯಲ್ಲಿ ಮಾತ್ರ, ಹೆಸರೆತ್ತದೆ, ಅವರನ್ನು ಉದಾಹರಣೆಯಾಗಿ ಬಳಸುತ್ತಿದ್ದೆ: ಗಿರಾಕಿಗಳಲ್ಲಿ ಒಬ್ಬರೂ ಮತ್ತೆ ಬರಲಿಲ್ಲ, ಆದ್ದರಿಂದ ವ್ಯಾಪಾರ ಮುಳುಗಿತು.

ಕಳೆದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ ವೇಣೂರಿನ ಆ ಚಾಲಕ ಮನೆಯವನಂತೆ ಎಲೆ ಹಾಕುತ್ತಿದ್ದ.

“ನಿನಗೆ ಇಲ್ಲಿ ಪರಿಚಯ ಉಂಟಾ?” ಎಂದು ಕೇಳಿದೆ.

“ಆದಿತ್ಯವಾರ ಈ ಮನೆಗೇ ಬರ್ತಿದ್ದೆವಲ್ಲ ಟೀಚರ್, ಪೆಟ್ಟಿಗೆ ತೆಗ್ದವರೆಲ್ಲ. ಅವರೊಟ್ಟಿಗೆ ಆಡ್ಲಿಕ್ಕೆ. ತಾನು ಸೋತ್ರೆ ನಮ್ಮನ್ನು ಏಳ್ಲಿಕ್ಕೆ ಬಿಡ್ತಿರ್ಲಿಲ್ಲ ಪುಣ್ಯಾತ್ಮ!”

ಈ ವರ್ಷವೂ ಆ ಪಾಠ ಮಾಡಿದೆ. ಲೆಕ್ಕ ಬದಲಾಗಿಲ್ಲ. ಒಬ್ಬರೂ ಮತ್ತೆ ಬರಲಿಲ್ಲ ಎಂಬ ವಾಕ್ಯವನ್ನು ಮಾತ್ರ ಹೇಳಲಿಲ್ಲ.