ಬ್ಯಾಡಗಿಯ ಬಿಸಿಲು ಹೊತ್ತು ಗಳಗನಾಥಕ್ಕೆ

ಧಾರವಾಡ ಬಿಟ್ಟಾಗ ಇನ್ನೂ ನಸುಕು. ಶಾಲೆಯ ಮಕ್ಕಳನ್ನು ಸಾಗಿಸಿ ಸವೆದಿದ್ದ ಹಳೆಯ ವ್ಯಾನೊಂದನ್ನು ಕೊಂಡು, ಸೀಟು ಕಿತ್ತು, ಮಂಚ ಮತ್ತು ಒಲೆ ಕೂಡಿಸಿ ಮನೆ ಮಾಡಿಕೊಂಡಿದ್ದೆವು. ಗಳಗನಾಥದಲ್ಲಿ ತುಂಗಭದ್ರೆಗೆ ವರದೆ ಸೇರುವ ಕಡೆ ಒಂದು ರಾತ್ರಿ ಮಲಗಿ, ಹೊಳೆಯ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕೆಂಬುದು ನನ್ನ ಹೆಂಡತಿ ಶಾಂತಾಳ ಆಸೆ.

ಆಸೆ ಸಣ್ಣದು, ತೊಡಕು ದೊಡ್ಡದು. ನಿದ್ದೆಯಲ್ಲಿ ಅವಳಿಗೆ ಉಸಿರು ನಡುನಡುವೆ ಕಟ್ಟುತ್ತದೆ. ಅದಕ್ಕೆ ರಾತ್ರಿಯೆಲ್ಲ ಮೂಗಿಗೆ ಗಾಳಿ ಊದುವ ಯಂತ್ರ ಬೇಕು, ಯಂತ್ರಕ್ಕೆ ಕರೆಂಟು ಬೇಕು. ಒಮ್ಮೆ ಮದುವೆ ಮನೆಯಲ್ಲಿ ಕರೆಂಟು ಹೋಗಿ, ಬೆಳಗಿನವರೆಗೆ ಗೋಡೆಗೆ ಆತು ಕುಳಿತಿದ್ದಳು. ಅಂದಿನಿಂದ ಹೊರಗೆಲ್ಲೂ ರಾತ್ರಿ ಕಳೆದವಳಲ್ಲ. ಸೋಲಾರ್ ಹಾಕಿಸುವ ಮಾತು ಬಂದಾಗಲೂ ಅರ್ಧ ಮನಸ್ಸಿನಿಂದಲೇ ಹೂಂ ಅಂದಿದ್ದಳು.

ಹಾವೇರಿಯಲ್ಲಿ ಒಗ್ಗರಣಿ-ಮಿರ್ಚಿ ತಿಂದು, ಹೆದ್ದಾರಿಯ ಲಾರಿಗಳ ಹಿಂದೆ ಸಾಗಿ ರಾಣೆಬೆನ್ನೂರು ಮುಟ್ಟಿದೆವು. ಸೋಲಾರ್ ಅಂಗಡಿಯ ಶಂಷಾದಬಾಯಿ ಮೊದಲೇ ಫೋನಿನಲ್ಲಿ ಪರಿಚಯವಾದವರು. ಅವರ ಯಜಮಾನರು ಏಣಿಯ ಮೇಲೆ, ಇವರು ಕೆಳಗೆ, ಮಾತೆಲ್ಲ ಇವರದೇ. ದೊಡ್ಡ ಪ್ಯಾನೆಲ್ಲುಗಳತ್ತ ಹೊರಟಿದ್ದ ನನ್ನನ್ನು ತಡೆದು, ಮೊದಲು ಯಂತ್ರ ತೋರಿಸಿ ಅಂದರು. ಅದು ರಾತ್ರಿಗೆ ಎಷ್ಟು ಕರೆಂಟು ತಿನ್ನುತ್ತದೆಂದು ಮೀಟರು ಹಚ್ಚಿ ನೋಡಿದರು. ಗಾಳಿಗೆ ತೇವ ಕೊಡಲು ಅದರಲ್ಲಿ ನೀರು ಬಿಸಿ ಮಾಡುವ ಭಾಗವೇ ಹೊಟ್ಟೆಬಾಕ, ಪ್ರವಾಸದಲ್ಲಿ ಅದನ್ನು ಬಂದ್ ಇಡಿ ಎಂದು ಶಾಂತಾಳಿಗೆ ಹೇಳಿದರು. ಆಮೇಲೆ ಬ್ಯಾಟರಿ ಆರಿಸಿದರು, ಕಡೆಗೆ ಪ್ಯಾನೆಲ್. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಗಾದೆ. ಈಕೆ ಕಾಲು ಅಳೆದು ಹಾಸಿಗೆ ಹೊಲಿಯುವವರು.

ವ್ಯಾನಿನ ನೆತ್ತಿಯ ನಡುವೆ ಗಾಳಿಕಿಂಡಿ ಇದ್ದುದರಿಂದ ಅದರ ಎರಡೂ ಬದಿಗೆ ಎರಡು ಸಣ್ಣ ಪ್ಯಾನೆಲ್ ಕೂತವು. ಸಾಮಾನು ಕಟ್ಟುವ ಕಟಾಂಜನದ ನೆರಳು ಒಂದರ ಮೇಲೆ ಬೀಳುವಂತಿತ್ತು. ಎರಡನ್ನೂ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಜೋಡಿಸುತ್ತಾರೆಂದುಕೊಂಡಿದ್ದೆ. ಶಂಷಾದಬಾಯಿ ಒಪ್ಪಲಿಲ್ಲ.

"ಒಂದ ಕಾಲುವಿ ಇದ್ರ, ನಡುವ ಒಂದ ಕಲ್ಲ ಬಿದ್ರೂ ಕಡೀ ಹೊಲಕ್ಕ ನೀರ ಕಡಿಮಿ ಆಗತೈತ್ರಿ. ಎರಡಕ್ಕೂ ಬ್ಯಾರೆ ಬ್ಯಾರೆ ಕಾಲುವಿ ಮಾಡೂಣು. ಒಂದಕ್ಕ ನೆರಳ ಬಿದ್ರ ಇನ್ನೊಂದ ದುಡೀಲಿ."

ತಂತಿ ಜೋಡಿಸುವಾಗ ಎರಡೂ ಪ್ಯಾನೆಲ್ಲಿಗೆ ದಪ್ಪ ಚಾದರ ಹೊದಿಸಿದರು. ಬೆಳಕು ಬಿದ್ದರೆ ಅವು ಆಗಲೇ ಕೆಲಸಕ್ಕೆ ಇಳಿಯುತ್ತವಂತೆ. ಮೊದಲು ಬ್ಯಾಟರಿಯ ತಂತಿ, ಆಮೇಲೆ ಪ್ಯಾನೆಲ್ಲಿನದು. ಈ ಕ್ರಮ ತಪ್ಪಬೇಡಿ ಎಂದು ನನ್ನಿಂದ ಬಾಯಿಪಾಠ ಮಾಡಿಸಿದರು. ಹೊಸ ಬ್ಯಾಟರಿಯಲ್ಲಿ ಹೆಚ್ಚೇನೂ ಚಾರ್ಜ್ ಇಲ್ಲ, ದಾರಿಯಲ್ಲಿ ಬಿಸಿಲು ಕುಡಿಸಿ ಅಂದರು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಊಟಕ್ಕೆ ಬ್ಯಾಡಗಿ. ಶಾಂತಾಳ ಅಣ್ಣ ಬಸವಂತಣ್ಣ ಅಲ್ಲಿ ಮೆಣಸಿನಕಾಯಿ ವ್ಯಾಪಾರಿ. ಸುಗ್ಗಿಯ ಕಾಲ, ಊರ ಹೊರಗಿನಿಂದಲೇ ಘಾಟು ಮೂಗಿಗೆ ಹತ್ತಿ ಸೀನುತ್ತಲೇ ಒಳಗೆ ಹೋದೆವು. ಅಣ್ಣ ನನ್ನ ಕೈಯಿಂದ ಕೀಲಿ ಇಸಿದುಕೊಂಡು, ಗಾಡಿಯ ಚಿಂತೆ ಬಿಡಿ ಅಂದ. ಒಳಗೆ ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದಾಗ ಗಾಡಿಯ ಚಿಂತೆ ಯಾರಿಗಿತ್ತು?

ಕೈ ತೊಳೆದು ಹೊರಬಂದರೆ ವ್ಯಾನು ದೊಡ್ಡ ಬೇವಿನ ಮರದಡಿ, ಮೆಣಸಿನ ಧೂಳು ಕೂಡದಂತೆ ಮೇಲೊಂದು ತಾಡಪಾಲು ಹೊದ್ದು ನಿಂತಿತ್ತು. ತನ್ನ ಮನೆಯ ತಾರಸಿಯ ತುಂಬ ಪ್ಯಾನೆಲ್ ಇಟ್ಟುಕೊಂಡ ಮನುಷ್ಯನೇ ಈ ಉಪಚಾರ ಮಾಡಿದ್ದ. ಬೀಗರ ಎತ್ತಿರಲಿ ಗಾಡಿಯಿರಲಿ, ನೆರಳಿಗೆ ಕಟ್ಟುವುದು ಈ ಸೀಮೆಯ ಮರ್ಯಾದೆ. ಬ್ಯಾಟರಿ ಮಾತ್ರ ಹಸಿದುಕೊಂಡೇ ಇತ್ತು.

ಶಾಂತಾಳ ಮುಖ ಸಣ್ಣದಾಯಿತು. "ಮನಿಗೆ ಹೋಗೂಣ್ರಿ. ನನಗ ಧೈರ್ಯ ಸಾಲವಲ್ದು" ಅಂದಳು. ಅಣ್ಣ, ಇಲ್ಲೇ ಮಲಗು, ನಮ್ಮ ತಾರಸಿಯ ಸೋಲಾರ್ ಇದೆಯಲ್ಲ ಎಂದು ಸಮಾಧಾನ ಹೇಳುತ್ತಿದ್ದಂತೆಯೇ ಕರೆಂಟು ಹೋಯಿತು. ಸುಡುಬಿಸಿಲಿನಲ್ಲಿ ಅವನ ಫ್ಯಾನು ನಿಂತಿತು. ಆ ಪ್ಯಾನೆಲ್ಲುಗಳಿಗೆ ಬ್ಯಾಟರಿ ಇಲ್ಲ, ಅವು ಕಂಬದ ತಂತಿಗೆ ಕೂಡಿಸಿದವು. ತಂತಿ ದುರಸ್ತಿ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು, ಕರೆಂಟು ಹೋದಾಗ ತಾವೂ ಬಂದ್ ಆಗುತ್ತವೆ. ಬಿಲ್ಲು ಇಳಿಸುವುದಕ್ಕೆ ಅವು ಬಂಗಾರ. ತಂಗಿಯ ರಾತ್ರಿಗೆ ಉಪಯೋಗವಿಲ್ಲ.

ಬಸವಂತಣ್ಣ ಸೀದಾ ಗಾಡಿಯ ಹತ್ತಿರ ಹೋದ. ತಾಡಪಾಲು ಎಳೆದು ಒಗೆದು, ವ್ಯಾನನ್ನು ಊರ ಹೊರಗಿನ ತನ್ನ ಕಣಕ್ಕೆ ತಾನೇ ಹೊಡೆದುಕೊಂಡು ಹೋದ. ನಾವು ಅವನ ಬೈಕಿನಲ್ಲಿ ಹಿಂಬಾಲಿಸಿದೆವು. ಕಣ್ಣು ಹರಿಯುವಷ್ಟು ದೂರ ಕೆಂಪು ಮೆಣಸಿನಕಾಯಿ ಹರವಿತ್ತು, ನೆರಳಿಗೆ ಒಂದು ಮರವೂ ಇರಲಿಲ್ಲ. ಕಾಯಿ ಸರಿಸಿ ಗಾಡಿಗೆ ಜಾಗ ಮಾಡಿಸಿದ. ಮೇಲೆ ಹತ್ತಿ, ಹೆಗಲ ಟವೆಲ್ಲಿನಿಂದ ಪ್ಯಾನೆಲ್ಲಿನ ಗಾಜಿನ ಧೂಳು ಒರೆಸಿದ. ಸೀನುತ್ತಾನೆ, ಒರೆಸುತ್ತಾನೆ. ನನಗೆ ನಗುವೂ ಬಂತು, ಅವನ ಮೇಲೆ ಪ್ರೀತಿಯೂ ಉಕ್ಕಿತು.

ಮೇಲಿಂದಲೇ ತಂಗಿಗೆ ಹೇಳಿದ: "ಕಾಯಿ ಒಣಗಿಸೋ ಬಿಸಲ ಐತಿ ಇದು. ನಿನಗ ಒಂದ ರಾತ್ರಿಗೆ ಸಾಲೂದಿಲ್ಲೇನ? ತುಂಬಿಸಿಕೊಂಡ ಹೋಗವ್ವ."

ಹೊತ್ತು ಇಳಿಯುವ ಹೊತ್ತಿಗೆ ಬ್ಯಾಟರಿಯ ಗುರುತು ಮುಕ್ಕಾಲು ದಾಟಿತ್ತು. ಹೊಸರಿತ್ತಿಯ ಕಡೆಯಿಂದ ಸುತ್ತಿಕೊಂಡು, ಕತ್ತಲಾಗುವ ಮುನ್ನ ಗಳಗನಾಥ ಸೇರಿದೆವು. ಗುಡಿಯ ಬಳಿಯ ಹಿರಿಯರೊಬ್ಬರು ಆಲದ ಮರ ತೋರಿಸಿ, ಬೆಳಿಗ್ಗೆ ತಂಪಿರುತ್ತದೆ, ಗಾಡಿ ಅಲ್ಲಿ ನಿಲ್ಲಿಸಿ ಅಂದರು. ಶಾಂತಾ ಕೈಮುಗಿದು ಬೇಡವೆಂದಳು. ಬಯಲಲ್ಲಿ ನಿಂತೆವು. ಅವಳು ಬ್ಯಾಟರಿಯ ದೀಪವನ್ನು ಮತ್ತೆ ಮತ್ತೆ ನೋಡಿ, ಕಡೆಗೆ ಮುಖಕ್ಕೆ ಮಾಸ್ಕು ಹಾಕಿಕೊಂಡಳು.

ಬೆಳಿಗ್ಗೆ ನಾನು ಎದ್ದಾಗ ಹೊಳೆಯ ಆಚೆ ಕೆಂಪು ಮೂಡುತ್ತಿತ್ತು. ಎಬ್ಬಿಸಲು ಕೈ ಚಾಚಿದೆ. ಯಂತ್ರ ಸಣ್ಣಗೆ ಗಾಳಿ ಊದುತ್ತಿತ್ತು. ಅವಳು ಮಗುವಿನ ಹಾಗೆ ಮಲಗಿದ್ದಳು. ಕೈ ಹಿಂದೆ ತೆಗೆದುಕೊಂಡು ಒಬ್ಬನೇ ಹೊರಗೆ ಕುಳಿತೆ. ಎರಡು ನೀರು ಒಂದಾಗುವ ಕಡೆ ಸೂರ್ಯ ಎದ್ದ. ಅವಳು ನೋಡಲು ಬಂದದ್ದನ್ನೆಲ್ಲ ನಾನೇ ನೋಡಿಬಿಟ್ಟೆ.

ಬಿಸಿಲು ಚುರುಕಾದ ಮೇಲೆ ಎದ್ದವಳು ಸಿಟ್ಟಾದಳು. "ಎಬ್ಬಸಬಾರದಿತ್ತೇನ್ರಿ?"

ನೀನು ಹಾಗೆ ಮಲಗಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು, ಮನಸ್ಸು ಬರಲಿಲ್ಲ ಅಂದೆ. ಅವಳು ಹೊಳೆಗೆ ಹೋಗಿ ಮುಖ ತೊಳೆದು ಬಂದಳು. ಸೆರಗಿನಿಂದ ಒರೆಸಿಕೊಳ್ಳುತ್ತ ಆಲದ ಮರವನ್ನೂ ವ್ಯಾನನ್ನೂ ನೋಡಿದಳು.

"ಮಧ್ಯಾಹ್ನ ಆ ಗಿಡದ ನೆರಳ ಇಲ್ಲೀಮಟ ಬರತೈತಿ. ಗಾಡಿ ಒಂಚೂರ ಮುಂದ ತಗೀರಿ. ನಾಳೆ ಸೂರ್ಯನ್ನ ನೋಡೇ ಹೋಗೂಣು."