ಸೇತುವೆಯಾಚೆಯ ಕಾನೂನು ಹುಡುಕಿದ ಅಕ್ಕ

ಕೋರ್ಟಿನ ಅಂಗಳ ಗುಡಿಸುವವರು ಇನ್ನೂ ಪೊರಕೆ ಹಿಡಿದಿಲ್ಲ. ನೆಲಮಹಡಿಯ ಗ್ರಂಥಾಲಯದಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕಿಟಕಿ ಪಕ್ಕದ ಹಳೆಯ ಕಂಪ್ಯೂಟರಿನ ಮುಂದೆ ತೋಳು ಮಡಚಿ, ಕನ್ನಡಕವನ್ನು ಹಣೆಗೇರಿಸಿ ಕುಳಿತ ಹೆಂಗಸು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದ್ದಾಳೆ. ಇಲ್ಲಿ ಬೆಳಕು ಹರಿಯುವ ಹೊತ್ತಿಗೆ, ಆಕೆಗೆ ಇವತ್ತು ಬೇಕಾದ ದೇಶದಲ್ಲಿ ಕಚೇರಿಗಳು ಬಾಗಿಲು ಹಾಕುತ್ತವೆ. ಅಷ್ಟರೊಳಗೆ ಅಲ್ಲಿಯವರನ್ನು ಹಿಡಿಯಬೇಕು.

ದಾಖಲೆಯಲ್ಲಿ ಈಕೆ ಪುಸ್ತಕ ಎತ್ತಿಕೊಡುವ ಸಹಾಯಕಿ. ವಕೀಲರ ಬಾಯಲ್ಲಿ ‘ಪತ್ತೇದಾರಿ ಅಕ್ಕ’. ಪರದೇಶದ ಕಾನೂನು, ಅಲ್ಲಿಯ ತೀರ್ಪು, ಎರಡು ದೇಶಗಳ ನಡುವಿನ ಒಪ್ಪಂದ, ಯಾವುದು ಬೇಕಾದರೂ ಅಂತರ್ಜಾಲದಲ್ಲಿ ಬಿಡಿಗಾಸಿಲ್ಲದೆ ಎಲ್ಲಿ ಸಿಗುತ್ತದೆಂದು ಪತ್ತೆ ಹಚ್ಚುವುದು ಈಕೆಯ ಕೆಲಸ. ಯಾರೂ ವಹಿಸಿದ ಕೆಲಸವಲ್ಲ, ತಾನೇ ಮೈಮೇಲೆ ಎಳೆದುಕೊಂಡದ್ದು. ಮನೆಯಲ್ಲಿ ಅತ್ತೆಗೆ ಇದು ಇವತ್ತಿಗೂ ಒಗಟು. “ಪುಕ್ಕಟೆ ಸಿಗೋದನ್ನ ಹುಡುಕೋಕೂ ಸಂಬಳ ಕೊಡ್ತಾರೇನೇ?” ಎಂದು ಕೇಳುತ್ತಾರಂತೆ. “ಸಂಬಳ ಪುಸ್ತಕಕ್ಕೆ ಅತ್ತೆ, ಹುಡುಕೋದು ನನ್ನ ಚಪಲಕ್ಕೆ” ಎನ್ನುವುದು ಸೊಸೆಯ ಉತ್ತರ.

ಇವತ್ತಿನದು ಚಪಲದ ಮಾತಲ್ಲ. ಎದುರಿನ ಬೆಂಚಿನಲ್ಲಿ ಬೇಕರಿಯ ಹೆಂಗಸೊಬ್ಬಳು ಕುಳಿತಿದ್ದಾಳೆ. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದಾಳೆ, ತೋಳಿನ ಮೇಲೆ ಹಿಟ್ಟು ಹಾಗೇ ಇದೆ. ಇವಳ ಐದು ವರ್ಷದ ಮಗಳನ್ನು ಗಂಡ ರಜೆಗೆಂದು ಕರೆದುಕೊಂಡು ಹೋದವನು ಇನ್ನೊಂದು ದೇಶದಲ್ಲೇ ಉಳಿದುಬಿಟ್ಟಿದ್ದಾನೆ. ಮಗು ತಾಯಿಯ ಬಳಿ ಇರಬೇಕೆಂದು ಇಲ್ಲಿಯ ಕೋರ್ಟು ಹೇಳಿಯಾಗಿದೆ. ಆ ಆದೇಶವನ್ನು ಅಲ್ಲಿಯ ಕೋರ್ಟು ಒಪ್ಪಬೇಕಾದರೆ, ಇಲ್ಲಿಯ ನ್ಯಾಯಾಧೀಶರು ಕೋರಿಕೆಯ ಪತ್ರ ಬರೆಯಬೇಕು. ಪತ್ರಕ್ಕೆ ಅಲ್ಲಿಯ ಕಾನೂನು ಬೇಕು. ವಿಚಾರಣೆ ಇವತ್ತೇ. ಇವತ್ತು ತಪ್ಪಿದರೆ ಕೋರ್ಟಿಗೆ ದೀರ್ಘ ರಜೆ.

“ಮಗಳು ಫೋನಲ್ಲಿ ಮಾತಾಡಿದ್ರೆ ತಡವರಿಸ್ತಾಳೆ, ಅಕ್ಕ” ಎನ್ನುತ್ತಾಳೆ ತಾಯಿ. “ಹಾಲಿಗೆ ನಮ್ಮ ಮಾತಲ್ಲಿ ಏನಂತಾರೆ ಅಂತ ಮೊನ್ನೆ ನನ್ನನ್ನೇ ಕೇಳಿದ್ಲು. ಇನ್ನಷ್ಟು ದಿನ ಹೋದ್ರೆ ನಾನು ಯಾರು ಅಂತ ಕೇಳ್ತಾಳೇನೋ.”

ಅಕ್ಕ ಈ ದಾರಿಗೆ ಬಿದ್ದದ್ದು ಬೇಸರದಿಂದ. ಗ್ರಂಥಾಲಯ ವಿಜ್ಞಾನ ಓದಿ ಸೇರಿದ ಹೊಸದರಲ್ಲಿ ಪುಸ್ತಕಗಳ ಧೂಳು ಹೊಡೆಯುವುದೇ ಕೆಲಸವಾಗಿತ್ತು. ಆಮೇಲೆ ಪರದೇಶದ ಕಾನೂನುಗಳಿದ್ದ, ದುಬಾರಿ ಚಂದಾದ ಕಾನೂನು ಕೋಶವನ್ನು ಕೋರ್ಟು ನಿಲ್ಲಿಸಿತು. ಹಡಗಿನ ಕೂಲಿಯಾಳಿನ ಹೆಂಡತಿ, ಹೊರದೇಶದ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನು, ಇಂಥವರ ವಕೀಲರು ಬಂದಾಗಲೆಲ್ಲ ‘ಇಲ್ಲ’ ಎಂದು ಹೇಳೀ ಹೇಳೀ ಬಾಯಿ ಬೇಸತ್ತಿತು. ಒಂದು ದಿನ ಯಾವುದೋ ದೇಶದ ಕೋರ್ಟು ತನ್ನ ತೀರ್ಪುಗಳನ್ನೆಲ್ಲ ತೆರೆದಿಟ್ಟಿರುವುದು ಕಣ್ಣಿಗೆ ಬಿತ್ತು. ಸರ್ಕಾರಗಳು ಕಾನೂನನ್ನು ತಾವೇ ಪ್ರಕಟಿಸುತ್ತವೆ, ವಿಶ್ವವಿದ್ಯಾಲಯಗಳು ತೀರ್ಪು ಸಂಗ್ರಹಿಸಿಡುತ್ತವೆ, ಸಂಸತ್ತಿನ ಗ್ರಂಥಾಲಯಗಳು ಕೇಳಿದವರಿಗೆ ಉತ್ತರ ಬರೆಯುತ್ತವೆ. ಬಾಗಿಲು ತೆರೆದೇ ಇತ್ತು, ತಟ್ಟುವವರಿರಲಿಲ್ಲ ಅಷ್ಟೆ.

ಈಗ ಸಹಾಯಕ್ಕೆ ಒಬ್ಬ ‘ಸಂಜೆ ಗೆಳತಿ’ಯೂ ಇದ್ದಾಳೆ. ಬೇಕರಿಯವಳ ಮಗು ಈಗಿರುವ ದೇಶದ ರಾಜಧಾನಿಯ ಕಾನೂನು ಗ್ರಂಥಾಲಯದಲ್ಲಿ ಸಂಜೆಯ ಪಾಳಿ ನೋಡುವವಳು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿಲ್ಲ. ಇವಳಿಗೆ ಅಲ್ಲಿಯದು ಬೇಕಾದರೆ ಅವಳು, ಅವಳಿಗೆ ಇಲ್ಲಿಯದು ಬೇಕಾದರೆ ಇವಳು. ಗ್ರಂಥಾಲಯದವರ ನಡುವೆ ಇದು ಕೊಡುಕೊಳ್ಳುವ ಹಳೆಯ ರೂಢಿ, ಲೆಕ್ಕ ಯಾರೂ ಇಡುವುದಿಲ್ಲ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುವವಳಲ್ಲ ಅಕ್ಕ. “ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು ಅನ್ನೋ ಹಾಗಿಲ್ಲ ಇಲ್ಲಿ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಅಂತಾರಲ್ಲ, ನನಗೆ ಹಲ್ಲು ಎಣಿಸೋದೇ ಕೆಲಸ” ಎಂದು ನಗುತ್ತಾಳೆ. ಪುಟ ಯಾರದು, ಕೊನೆಯ ಸಲ ತಿದ್ದಿದ್ದು ಯಾವಾಗ, ಆಮೇಲೆ ತಿದ್ದುಪಡಿ ಬಂದಿದೆಯೇ, ಇಷ್ಟನ್ನು ನೋಡದೆ ಆಕೆ ಪ್ರಿಂಟರಿನ ಗುಂಡಿ ಒತ್ತುವುದಿಲ್ಲ.

ಇವತ್ತು ಅವೆಲ್ಲವನ್ನೂ ನೋಡಿಯಾಗಿದೆ. ಗಂಡನ ವಿಳಾಸವಿರುವ ರಾಜಧಾನಿಯ ಪ್ರಾಂತ್ಯದ ಕಾನೂನು, ಮೇಲೊಂದು ತೀರ್ಪು, ಎಲ್ಲ ಅಚ್ಚಾಗಿ ಮೇಜಿನ ಮೇಲಿವೆ. ಹಾಳೆ ಜೋಡಿಸಿ ಕಡತಕ್ಕೆ ಸೇರಿಸುವುದೊಂದೇ ಬಾಕಿ. ಸುಮ್ಮನೆ ಕೂರಲಾಗದೆ ತಾಯಿ ಮಗಳ ಮಾತು ಎತ್ತುತ್ತಾಳೆ: “ಅಪ್ಪ ದಿನಾ ಸೇತುವೆ ದಾಟಿ ಆಫೀಸಿಗೆ ಹೋಗ್ತಾರಂತೆ. ಸಂಜೆ ಇವಳು ಮನೆ ಕಿಟಕೀಲಿ ನಿಂತು ಸೇತುವೆ ಕಡೇನೇ ನೋಡ್ತಿರ್ತಾಳಂತೆ.”

ಅಕ್ಕನ ಕೈ ಅಲ್ಲೇ ನಿಲ್ಲುತ್ತದೆ. “ಯಾವ ಸೇತುವೆ ತಾಯಿ?”

ತಾಯಿ ಮಗಳ ಶಾಲೆಯ ಹೆಸರು ಹೇಳುತ್ತಿದ್ದಂತೆ ಅಕ್ಕ ನಕ್ಷೆ ತೆರೆಯುತ್ತಾಳೆ. ರಾಜಧಾನಿಯ ಅಂಚಿನಲ್ಲಿ ನದಿ, ನದಿಯ ನಟ್ಟನಡುವೆ ಪ್ರಾಂತ್ಯದ ಗಡಿ. ಅಪ್ಪನ ಕಚೇರಿ ಈ ದಡ, ಮಗುವಿನ ಮನೆ, ಶಾಲೆ ಎರಡೂ ಆ ದಡ. ಆ ದೇಶದಲ್ಲಿ ಪ್ರಾಂತ್ಯಕ್ಕೊಂದು ಕುಟುಂಬ ಕಾನೂನು, ಮಗು ವಾಸಿಸುವ ಪ್ರಾಂತ್ಯದ್ದೇ ಲೆಕ್ಕಕ್ಕೆ ಬರುವುದು. ಕಡತದಲ್ಲಿ ಇದ್ದದ್ದು ಕಚೇರಿಯ ವಿಳಾಸವೊಂದೇ.

“ಅಯ್ಯೋ, ಎಡವಟ್ಟಾಯ್ತು” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ. “ಅಪ್ಪ ಎಲ್ಲಿ ದುಡೀತಾನೆ ಅಂತ ನೋಡ್ದೆ. ಮಗು ಎಲ್ಲಿ ಮಲಗುತ್ತೆ ಅಂತ ಕೇಳ್ಬೇಕಿತ್ತು.”

ತಾಯಿಗೆ ಪೂರ್ತಿ ಅರ್ಥವಾಗಿಲ್ಲ, ಆದರೂ ಬೆಂಚಿನಿಂದೆದ್ದು ಪರದೆಯ ಹತ್ತಿರ ಬರುತ್ತಾಳೆ. ಅಕ್ಕ ಆಗಲೇ ಆ ದಡದ ಪ್ರಾಂತ್ಯದ ಪುಟ ತೆರೆದಿದ್ದಾಳೆ. ಕಾನೂನು ಇದೆ, ಆದರೆ ಹೋದ ವರ್ಷದ ತನಕ ಮಾತ್ರ ತಿದ್ದಿದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದವಳು ಸಂಜೆ ಗೆಳತಿಗೆ ಬರೆಯುತ್ತಾಳೆ. ಗೆಳತಿ ಬಾಗಿಲು ಹಾಕುವ ಮುಂಚೆ ಅದನ್ನು ಆಚೆ ದಡದ ಗ್ರಂಥಾಲಯಕ್ಕೆ ದಾಟಿಸುತ್ತಾಳೆ. ಇತ್ತ ಇಬ್ಬರು ಹೆಂಗಸರು ಪರದೆ ನೋಡುತ್ತ ಕೂರುತ್ತಾರೆ. ಹೊರಗೆ ಅಂಗಳ ಗುಡಿಸುವ ಸದ್ದು ಶುರುವಾಗುತ್ತದೆ.

ಉತ್ತರ ಬರುತ್ತದೆ. ಇವತ್ತಿಗೆ ಜಾರಿಯಲ್ಲಿರುವ ಕಾನೂನಿನ ಪಠ್ಯ, ಕೆಳಗೆ ಗ್ರಂಥಾಲಯದ ಮೊಹರು. ಹೊಸ ತಿದ್ದುಪಡಿ ಇನ್ನೊಂದು ಕಾಗದ ಕೇಳುತ್ತದೆ: ಮಗುವನ್ನು ಅಲ್ಲೇ ಉಳಿಸಿಕೊಳ್ಳಲು ತಾನು ಒಪ್ಪಿಲ್ಲ ಎಂದು ತಾಯಿ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್. ಅದಿಲ್ಲದ ಅರ್ಜಿಯನ್ನು ಅಲ್ಲಿಯ ಕೋರ್ಟು ತೆರೆದೂ ನೋಡುವುದಿಲ್ಲ.

ಫೋನು ಹೋದದ್ದೇ ತಡ, ಬೇಕರಿಯವಳ ವಕೀಲೆ ಓಡೋಡಿ ಬರುತ್ತಾರೆ. ಗ್ರಂಥಾಲಯದ ಮೇಜಿನ ಮೇಲೇ ಅಫಿಡವಿಟ್ ತಯಾರಾಗುತ್ತದೆ. ತಾಯಿ ಹಿಟ್ಟಿನ ಕೈ ಒರೆಸಿಕೊಂಡು, ವಕೀಲೆ ಕರೆತಂದ ನೋಟರಿಯ ಎದುರು ಸಹಿ ಹಾಕುತ್ತಾಳೆ. “ಆ ವಿಳಾಸ ನಾನೇ ಕೊಟ್ಟಿದ್ದು, ನನಗೂ ಹೊಳೀಲಿಲ್ಲ” ಎನ್ನುತ್ತಾರೆ ವಕೀಲೆ. “ಹಳೇ ಕಾಗದ ಕಳಿಸಿದ್ರೆ ಹೋದ ದಾರೀಲೇ ವಾಪಸ್ ಬರ್ತಿತ್ತು.” ವಿಚಾರಣೆಯಲ್ಲಿ, ಈ ಕಾನೂನು ಈಗಲೂ ಜಾರಿಯಲ್ಲಿದೆಯೇ ಎಂದು ನ್ಯಾಯಾಧೀಶರು ಕೇಳಿದಾಗ ವಕೀಲೆ ಆ ಬೆಳಗಿನ ಮೊಹರು ತೋರಿಸುತ್ತಾರೆ. ಪತ್ರಕ್ಕೆ ಅಂದೇ ಸಹಿ ಬೀಳುತ್ತದೆ.

ಕೋರ್ಟಿನ ರಜೆ ಮುಗಿಯುವ ಮುಂಚೆಯೇ ಆಚೆ ದಡದ ಕೋರ್ಟಿನ ಆದೇಶ ಬಂದಿದೆ. ಶಾಲೆಗೆ ರಜೆ ಬಿಟ್ಟ ದಿನವೇ ಮಗುವನ್ನು ತಾಯಿಯ ಕೈಗೆ ಒಪ್ಪಿಸಬೇಕು. ಗಂಡ ತಕರಾರು ಎತ್ತಿಲ್ಲ. ಬೇಕರಿಯವಳು ಮಗಳನ್ನು ಕರೆತರಲು ಹೊರಡುವ ಮುಂಚೆ ಹೇಳಿಹೋಗಲು ಬರುತ್ತಾಳೆ. ಕುಣಿಯುವಷ್ಟು ಖುಷಿ, ಜೊತೆಗೊಂದು ಅಳುಕು.

“ನಮ್ಮ ಮಾತೇ ಮರೆತುಬಿಟ್ಟಿದ್ರೆ ಏನ್ಮಾಡ್ಲಿ ಅಕ್ಕ?”

“ನಿನ್ನ ಮಡಿಲಲ್ಲಿ ಎರಡು ದಿನ ಕೂತ್ರೆ ಬಾಯಿ ಮುಚ್ಚಿಸೋಕೆ ನೀನೇ ಒದ್ದಾಡ್ತೀಯ, ಹೋಗಿ ಬಾ” ಎಂದು ಅಕ್ಕ ಬೆನ್ನು ತಟ್ಟುತ್ತಾಳೆ.

ಈ ಕೆಲಸಕ್ಕೆ ಹೊಸ ಹುದ್ದೆ, ಬಡ್ತಿ ಏನಾದರೂ ಬೇಡವೇ ಎಂದು ಕೇಳಿದರೆ, ಕಂಪ್ಯೂಟರು ಸ್ವಲ್ಪ ಚುರುಕಾಗಿದ್ದರೆ ಸಾಕು ಎನ್ನುತ್ತಾಳೆ. ಆದರೆ ಬೇಕರಿಯವಳ ಹತ್ತಿರ ಒಂದು ಮಾತು ಕೇಳಿಕೊಂಡಿದ್ದೇನೆ ಎನ್ನುತ್ತಾಳೆ.

“ಕರ್ಕೊಂಡು ಬಂದ್ಮೇಲೆ ಒಂದು ಗಳಿಗೆ ಈ ಬಾಗಿಲ ಹತ್ರ ನಿಲ್ಲಿಸು ಅಂದಿದ್ದೀನಿ. ಇಷ್ಟು ವರ್ಷ ಯಾವ್ಯಾವುದೋ ದೇಶದ ಕಾನೂನು ಹುಡುಕಿ ಕೊಟ್ಟೆ. ಅದರಿಂದ ಮನೆಗೆ ಬಂದವರ ಮುಖ ಮಾತ್ರ ಒಂದ್ಸಲಾನೂ ನೋಡಿಲ್ಲ.”