ಮಂಡಿಗೆಂದು ಕೊಟ್ಟ ಎಣ್ಣೆ

ಈ ಅರಬ್ಬರ ನಾಡಿನ ರುಸ್ತಾಕಿನಲ್ಲಿರುವ ಅಜ್ಜನಿಗೆ ನಾನು ಪ್ರತಿ ವರ್ಷ ಊರಿನಿಂದ ಒಂದು ಬಾಟಲಿ ತೆಂಗಿನೆಣ್ಣೆ ತರುತ್ತೇನೆ. ಅಜ್ಜ ಎಂದರೆ ನನ್ನ ಗಂಡನ ಕಫೀಲನ, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿಯ, ತಂದೆ. ಗಂಡ ಆ ಧಣಿಯ ಆಫೀಸಿನಲ್ಲಿ ಅಕೌಂಟೆಂಟು. ನಾನು ಸೀಬ್ ಪಟ್ಟಣದ ನಮ್ಮ ಫ್ಲ್ಯಾಟಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಪರಿಚಯದವರ ರವಿಕೆ ಹೊಲಿಯುತ್ತೇನೆ. ಒಮ್ಮೆ ಅಜ್ಜನ ಮಂಡಿನೋವು ಕೇಳಿ ಒಂದು ಬಾಟಲಿ ಕೊಟ್ಟಿದ್ದೆ, ಅದು ಹಿಡಿಸಿಬಿಟ್ಟಿತು. ಚಳಿಗಾಲದಲ್ಲಿ ಒಂದು ಶುಕ್ರವಾರವಾದರೂ ನಾವು ಊಟಕ್ಕೆ ಹೋಗದಿದ್ದರೆ ಅವರಿಗೆ ಬೇಸರ. ಪ್ರಾಯದಲ್ಲಿ ಮುಂಬಯಿ ನೋಡಿದವರು, ಆದ್ದರಿಂದ ನಮ್ಮ ಮಾತೆಲ್ಲ ಹಿಂದಿಯಲ್ಲಿ, ನಡುವೆ ಚೂರು ಅರಬ್ಬಿ. ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಕಳೆದ ಚಳಿಗಾಲದ ಆ ಶುಕ್ರವಾರ ಊಟ ಮುಗಿದು ಕಾವಾ ಎಂಬ ಅರಬ್ಬಿ ಕಾಫಿ ಕುಡಿಯುತ್ತಿದ್ದಾಗ ಮಗ ಒಂದು ಉದ್ದನೆಯ ಖಾಲಿ ಚೀಲ ಹಿಡಿದು ಬಂದ. ಮಗ ಎಂದರೆ ನಮ್ಮ ಕಫೀಲನೇ. ಒಳ್ಳೆಯ ಮನುಷ್ಯ, ಅಪ್ಪನೆಂದರೆ ಪ್ರಾಣ.

"ಬಾಬಾ, ಇವತ್ತು ಒಯ್ಯುತ್ತೇನೆ," ಎಂದ. ಅಜ್ಜ ತಲೆಯಾಡಿಸಿದರು.

ಎಂಥದನ್ನು ಒಯ್ಯುವುದು ಅಂತ ನಾನು ಕೇಳಿಯೇಬಿಟ್ಟೆ. ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. ಗಂಡ ಕಣ್ಣು ಬಿಟ್ಟರು, ನಾನು ನೋಡಲಿಲ್ಲ.

ವಿಷಯ ಅಜ್ಜನ ಬೇಟೆ ಬಂದೂಕಿನದ್ದು, ಅದನ್ನು ಇನ್ನು ಅಜ್ಜನ ಕೈಗೆ ಸಿಗದ ಹಾಗೆ ಒಯ್ದಿಡಬೇಕೆಂದು ಮಗನ ಯೋಚನೆ. ಲೈಸೆನ್ಸ್ ಇರುವ ಹಳೆಯ ಬಂದೂಕು. ಬೇಟೆ ನಿಂತು ಎಷ್ಟೋ ಕಾಲವಾಯಿತು. ಈಗ ಚಳಿಗಾಲದಲ್ಲಿ ಊರಾಚೆಯ ಮೈದಾನದಲ್ಲಿ ಸಮವಯಸ್ಕರ ಜೊತೆ ಗುರಿಗೆ ಹೊಡೆಯುವುದು, ನಗುವುದು, ಖರ್ಜೂರ ತಿನ್ನುವುದು. ಅವರ ವಾರವೆಲ್ಲ ಅದೇ ಒಂದು ಸಂಜೆಗಾಗಿ. ಗುಂಡು ಹಾರಿದ ಮೇಲೆ ಖಾಲಿ ತೋಟಾವನ್ನು ತಾನೇ ಹೊರಗೆಸೆದು ಮುಂದಿನದನ್ನು ಎಳೆದುಕೊಳ್ಳುವ ಬಂದೂಕು ಅದು. ಆದರೆ ಈ ಚಳಿ ಶುರುವಾದಲ್ಲಿಂದ ಖಾಲಿ ತೋಟಾ ಹೊರಗೆ ಬೀಳುತ್ತಿಲ್ಲ. ಅರ್ಧ ಬಂದು ಪಕ್ಕದ ಕಿಂಡಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಮಕ್ಕಳ ಗಂಟಲಿನಲ್ಲಿ ಹಲಸಿನ ಬೀಜ ಸಿಕ್ಕಿದ ಹಾಗೆ.

"ಬಂದೂಕಿನ ತಪ್ಪಲ್ಲ. ಅಪ್ಪನ ಕೈ ನಡುಗುತ್ತದೆ, ಹೆಗಲು ಗಟ್ಟಿ ನಿಲ್ಲುವುದಿಲ್ಲ. ಅದಕ್ಕೇ ಹೀಗೆ," ಎಂದ ಮಗ. "ಸಿಕ್ಕಿಕೊಂಡದ್ದನ್ನು ಬಿಡಿಸಲು ಹೋಗಿ ಏನಾದರೂ ಆದರೆ?"

ಅವನ ಹೆದರಿಕೆಯೂ ನ್ಯಾಯವೇ. ಆದರೆ ಅಜ್ಜ ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡು, "ಹೌದು, ಕೈ ಖಲಾಸ್," ಎಂದಾಗ ನಾನು ಕುಡಿಯುತ್ತಿದ್ದ ಕಾವಾ ಕೆಳಗಿಟ್ಟೆ. ಖಲಾಸ್ ಎಂಬ ಮಾತನ್ನು ಅಂಗಡಿಯಲ್ಲಿ ಮೊಸರು ಮುಗಿದರೆ ಕೇಳಿದ್ದೇನೆ, ಟ್ಯಾಕ್ಸಿಯವನ ಜಗಳದಲ್ಲಿ ಕೇಳಿದ್ದೇನೆ. ಮನುಷ್ಯ ತನ್ನ ಕೈಗೆ ತಾನೇ ಹೇಳಿಕೊಂಡದ್ದನ್ನು ಕೇಳಿದ್ದು ಅಂದೇ ಮೊದಲು.

ಕೊಡುವ ಮೊದಲು ಒಮ್ಮೆ ಒರೆಸುತ್ತೇನೆ ಎಂದು ಅಜ್ಜ ಬಂದೂಕು ತರಿಸಿ ಗೋಡೆಯ ಕಡೆಗೆ ಮೂತಿ ಮಾಡಿ ಚಾಪೆಯ ಮೇಲಿಟ್ಟರು. ಮಗ ತೋಟಾದ ಪೆಟ್ಟಿಗೆ ಕಳಚಿ, ಒಳಗೆ ಏನೂ ಇಲ್ಲವೆಂದು ಬೆರಳು ಹಾಕಿ ನೋಡಿದ. ಅಜ್ಜ ಬಿಚ್ಚಿದರು. ಬಿಚ್ಚಿದ್ದೇ ತಡ, ನನ್ನ ಮೂಗಿಗೆ ಒಂದು ವಾಸನೆ ಬಂತು. ಹಳೆಯ, ಕನರು ಹಿಡಿದ ತೆಂಗಿನೆಣ್ಣೆ. ಅದನ್ನು ಗುರುತಿಸಲು ಕರಾವಳಿಯಲ್ಲಿ ಹುಟ್ಟಿದ ಹೆಂಗಸಿಗೆ ಕಣ್ಣು ಬೇಕಿಲ್ಲ.

"ಅಜ್ಜ, ಇದಕ್ಕೆ ಎಂಥ ಎಣ್ಣೆ ಹಾಕಿದ್ದೀರಿ?"

"ನೀನು ಕೊಟ್ಟದ್ದೇ," ಎಂದರು ಅವರು, ಅಭಿಮಾನದಿಂದ. "ಬಂದೂಕಿನ ಡಬ್ಬಿ ಎಣ್ಣೆ ಮುಗಿದಿತ್ತು. ನನ್ನ ಮಂಡಿಯನ್ನೇ ಸಡಿಲ ಮಾಡಿದ ಎಣ್ಣೆ, ಕಬ್ಬಿಣ ಯಾವ ಲೆಕ್ಕ?"

ನನಗೆ ನಗುವೂ ಬಂತು, ಅಳುವೂ ಬಂತು. ನನ್ನ ಅಮ್ಮ ಹೊಲಿಗೆ ಕಲಿಸುವಾಗ ಮೊದಲು ಕಲಿಸಿದ್ದು ಇದನ್ನೇ: ತಲೆಗೆ ಹಾಕುವ ಎಣ್ಣೆಯನ್ನು ಮೆಷಿನಿಗೆ ಹಾಕಬೇಡ. ಬಿಸಿಲಲ್ಲಿ ನೀರಾಗಿ ಓಡಾಡುತ್ತದೆ, ಚಳಿ ಬಿತ್ತೆಂದರೆ ಗಟ್ಟಿಯಾಗಿ ಕೂರುತ್ತದೆ, ಧೂಳು ಕುಡಿದು ಅಂಟಾಗುತ್ತದೆ, ಚಕ್ರ ತಿರುಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕಿತ್ತು, ಪಾಪದ ಅಜ್ಜ ತಮ್ಮ ಕಾಲನ್ನು ಬೈದುಕೊಳ್ಳುತ್ತಿದ್ದರು.

ನಾನು ಹಾಗೇ ಹೇಳಿದೆ. ಕೈ ಅಲ್ಲ ಅಜ್ಜ, ಎಣ್ಣೆ. ಮಗ ನಂಬಲಿಲ್ಲ. ಆದರೂ ತನ್ನ ಜೀಪಿನಿಂದ ಬಂದೂಕು ತೊಳೆಯುವ ಸಾಮಾನು ತಂದ. "ಆಯ್ತು, ಒಂದು ಸಲ ನೋಡೋಣ. ಇನ್ನೊಮ್ಮೆ ಸಿಕ್ಕಿಕೊಂಡರೆ ಚೀಲಕ್ಕೆ ಹೋಗುತ್ತದೆ, ಆಮೇಲೆ ಮಾತಿಲ್ಲ," ಎಂದ. ಅಜ್ಜ ಒಪ್ಪಿದರು.

ನನ್ನ ಕೈ ಮುಂದೆ ಹೋಯಿತು ನೋಡಿ, ಗಂಡ ತುಳುವಿನಲ್ಲಿ ಗದರಿದರು. ಪರದೇಶದವರು ಬಂದೂಕು ಮುಟ್ಟಿದರೆ ವೀಸಾ ಉಳಿದೀತೇ ಮಾರಾಯ್ತಿ, ಎಂಬ ಅರ್ಥದಲ್ಲಿ. ಅದೂ ಸರಿಯೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಹಿಂದೆ ಕಟ್ಟಿ ಕೂತೆ. ಹಾಗಾಗಿ ಎಲ್ಲವನ್ನೂ ಅಜ್ಜನೇ ಮಾಡಬೇಕಾಯಿತು.

ತೋಟಾ ಕೂರುವ ಗೂಡಿಗೆ ಅಂಟು ತೊಳೆಯುವ ಮದ್ದು ಹಾಕಿ ಬ್ರಷ್ಷಿನಿಂದ ಉಜ್ಜಿದರು. ಜೋನಿಬೆಲ್ಲದಂಥ ಕಪ್ಪು ಅಂಟು ಬಂತು. ಖಾಲಿ ತೋಟಾವನ್ನು ಹಿಡಿದೆಳೆಯುವ ಸಣ್ಣ ಕೊಕ್ಕೆಯ ಅಡಿಯಲ್ಲೂ ಅದೇ. ಆಮೇಲೆ ಆ ತೋಟಾವನ್ನು ಹೊರಗೆ ಒದೆಯುವ ಮೊಳೆ. "ಒತ್ತಿ ನೋಡಿ ಅಜ್ಜ," ಎಂದೆ. ಒತ್ತಿದರು. ಮೊಳೆ ಒಳಗೆ ಹೋಗಿ ಅಲ್ಲೇ ಕೂತಿತು, ಮುನಿಸಿಕೊಂಡ ಸೊಸೆಯ ಹಾಗೆ.

"ಇದೇ ನೋಡಿ ಕಳ್ಳ. ಇದು ಹಾರಿ ಬರಬೇಕು. ಬಾರದಿದ್ದರೆ ತೋಟಾವನ್ನು ಒದೆಯುವುದು ಯಾರು?"

ಅಜ್ಜನ ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಬ್ರಷ್ಷು ಜಾರಿತು, ಬಟ್ಟೆ ಬಿತ್ತು. ಮಗ ತಡೆಯಲಾರದೆ, "ಕೊಡಿ ಬಾಬಾ, ನಾನು ಮಾಡುತ್ತೇನೆ," ಎಂದು ಕೈ ಚಾಚಿದ.

"ಬೇಡ," ಎಂದೆ ನಾನು. ಗಂಡನ ಧಣಿಗೆ ಹಾಗೆ ಹೇಳಬಾರದು, ಆದರೆ ಹೇಳಿಯಾಗಿತ್ತು. "ಅವರ ಕೈಯ ಮೇಲೆ ತಾನೇ ಅಪವಾದ ಬಂದದ್ದು? ಅವರೇ ಮಾಡಲಿ."

ಮಗ ನನ್ನನ್ನು ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ. ಅಜ್ಜ ನಿಧಾನಕ್ಕೆ, ಒತ್ತುತ್ತ, ಮದ್ದು ಬಿಡುತ್ತ, ಒರೆಸುತ್ತ ಹೋದರು. ಕಡೆಗೊಮ್ಮೆ ಒತ್ತಿ ಬಿಟ್ಟಾಗ ಮೊಳೆ ಟಕ್ಕೆಂದು ಹಾರಿ ಬಂತು. ಅಜ್ಜ ಮತ್ತೆ ಒತ್ತಿದರು, ಮತ್ತೆ ಟಕ್. ಸುಮ್ಮನೆ, ಕೇಳುವ ಖುಷಿಗೆ, ಇನ್ನೂ ಎಷ್ಟೋ ಸಲ ಒತ್ತಿದರು. ಕೊನೆಗೆ ಎಲ್ಲ ಒಣಗಿಸಿ ಮಗ ತಂದ ಡಬ್ಬಿಯ ತೆಳು ಎಣ್ಣೆಯನ್ನು ಒಂದು ಹನಿ ಸವರಿದರು.

ಬಿಸಿಲು ಇಳಿಯುವ ಮೊದಲು ಮೈದಾನಕ್ಕೆ ಹೋದೆವು. ನಾನೂ ಗಂಡನೂ ಕಾರಿನ ಹತ್ತಿರವೇ ನಿಂತೆವು. ಖಾಲಿ ಚೀಲ ಮಗನ ಕಂಕುಳಲ್ಲಿತ್ತು. ಅಜ್ಜ ಹೆಗಲಿಗೆ ಆನಿಸಿ ಗುರಿ ಹಿಡಿದಾಗ ನಾನು ಊರಿನ ದೈವಗಳನ್ನೆಲ್ಲ ನೆನೆದೆ. ಬಂದೂಕಿಗೆಂದು ಹರಕೆ ಹೇಳಿಕೊಂಡವಳು ನಾನೊಬ್ಬಳೇ ಇರಬೇಕು.

ಗುಂಡು ಹಾರಿತು. ಖಾಲಿ ತೋಟಾ ಹೊಳೆಯುತ್ತ ಮೇಲೆದ್ದು ಮರಳಿಗೆ ಬಿತ್ತು. ಮತ್ತೊಂದು ಹಾರಿತು, ಅದೂ ಬಿತ್ತು. ಇದ್ದ ಗುಂಡುಗಳೆಲ್ಲ ಮುಗಿಯುವವರೆಗೆ ಒಂದೂ ಸಿಕ್ಕಿಕೊಳ್ಳಲಿಲ್ಲ. ಗುರಿಗೆ ಎಷ್ಟು ತಾಗಿತೆಂದು ಅಜ್ಜ ನೋಡಲೇ ಇಲ್ಲ. ಮರಳಿನ ಮೇಲೆ ಬಿದ್ದ ತೋಟಾಗಳನ್ನೇ ನೋಡುತ್ತ ನಿಂತರು. ನನ್ನ ಕಣ್ಣು ತುಂಬಿ ಬಂತು, ಗಂಡ ಕರವಸ್ತ್ರ ಕೊಟ್ಟರು.

ಮಗ ಚೀಲವನ್ನು ಮಡಚಿದ, ಇನ್ನೊಮ್ಮೆ ಮಡಚಿದ, ಜೀಪಿನ ಸೀಟಿನ ಅಡಿಗೆ ತುರುಕಿದ. ತಿರುಗಿ ನೋಡಿದರೆ ಅಜ್ಜ ಬಂದೂಕನ್ನು ಅಲ್ಲಿದ್ದ ಮೇಜಿನ ಮೇಲಿಟ್ಟು ತೋಟಾ ಹೆಕ್ಕಲು ಬಾಗುತ್ತಿದ್ದರು. ಮಗ ಓಡಿ ಹೋಗಿ ತೋಳು ಹಿಡಿದ.

"ಬಿಡು," ಎಂದರು ಅಜ್ಜ, ಅವನ ಕೈ ಸರಿಸಿ. "ಮಂಡಿಗೆ ಅದೇ ಎಣ್ಣೆ ಸರಿ."